ಸರಿಯಾಗಿ ಕೂರದ ಕಾರ್ಡು

ಒಂದು ಗ್ರಾಫಿಕ್ಸ್ ಕಾರ್ಡು ಯಾರ ಮೇಜಿನ ಕಂಪ್ಯೂಟರಿನಲ್ಲಿರಬೇಕು ಎಂಬುದು ರಾಜ್ಯಗಳು ಉರುಳುವಂಥ ಪ್ರಶ್ನೆ. ಕನಿಷ್ಠಪಕ್ಷ ದೊಡ್ಡಳಿಯನಿಗೆ ಹಾಗನ್ನಿಸಿತ್ತು. ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆಯೇ ಪರದೆಯ ಮೇಲೆ ತೋರಿಸಿಕೊಡುವ ಮಾವನ ಸ್ಟುಡಿಯೋದಲ್ಲಿ ಅವನು ಕೂದಲು ನರೆಯುವವರೆಗೆ ದುಡಿದಿದ್ದ. ಆ ಚಿತ್ರಗಳನ್ನು ಸರಾಗವಾಗಿ ಮೂಡಿಸುವ ಹೊಸ ಕಾರ್ಡು ಮಾತ್ರ ನಿನ್ನೆ ಮೊನ್ನೆ ಬಂದ ಕಿರಿಯಳಿಯನ ಪಾಲಾಯಿತು. ತಿಂಗಳ ಕೊನೆಗೆ ಮಾವ ವಿಶ್ರಾಂತಿಗೆ ಹೊರಟಿದ್ದ. ಕಾರ್ಡು ಹೋದ ದಾರಿಯಲ್ಲೇ ಮಾಲೀಕನ ಕುರ್ಚಿಯೂ ಹೋಗುತ್ತದೆಂದು ತಿಳಿಯಲು ಯಾರ ಹತ್ತಿರವೂ ಶಾಸ್ತ್ರ ಕೇಳಬೇಕಿರಲಿಲ್ಲ.

ಅವನಿಗೆ ಸಿಟ್ಟು ಬರಲಿಲ್ಲ. ಹಲ್ಲು ಕೀಳಿಸುವ ಮುಂಚೆ ಸೂಜಿಮದ್ದು ಕೊಟ್ಟಾಗ ತುಟಿ ಹೇಗಿರುತ್ತದೋ ಹಾಗಿತ್ತು ಮನಸ್ಸು: ಇದೆಯೆಂದು ಗೊತ್ತು, ತನ್ನದೆನಿಸದು. ಇಂಥ ಮನಸ್ಸಿನಲ್ಲಿ ಸಂಚು ಬಲು ಅಚ್ಚುಕಟ್ಟಾಗಿ ಹುಟ್ಟುತ್ತದೆ.

ಕಾರ್ಡು ಮದರ್‌ಬೋರ್ಡಿನ ಸ್ಲಾಟಿಗೆ, ಅದನ್ನು ಸಿಕ್ಕಿಸುವ ಸೀಳಿಗೆ, ಪೂರ್ತಿ ಇಳಿಯದೆ ಓರೆಯಾಗಿ ಕೂತರೆ ಸಂಪರ್ಕ ಸಡಿಲಾಗುತ್ತದೆ. ಸಡಿಲಾದಲ್ಲಿ ಕಾವು, ಕಾವಿರುವಲ್ಲಿ ಕರಕಲು. ಅಜಾಗರೂಕನ ರುಜು ಅದು. ಊಟದ ಹೊತ್ತಿನಲ್ಲಿ ಎಲ್ಲರೂ ಯಂತ್ರ ಆರಿಸಿ ಹೊರಗೆ ಹೋದಾಗ ಅವನು ಪೆಟ್ಟಿಗೆ ಬಿಚ್ಚಿ, ಕಾರ್ಡೆತ್ತಿ, ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಸ್ಲಾಟಿಗೆ ಮುಟ್ಟಿಸಿದ. ಎಲ್ಲೆಂದರಲ್ಲಿ ಸುಡುವವನು ಹೆಡ್ಡ. ಸ್ಲಾಟಿನ ಎರಡು ತುಂಡುಗಳಲ್ಲಿ ಕಾರ್ಡಿಗೆ ವಿದ್ಯುತ್ತು ಹರಿಯುವುದು ಗಿಡ್ಡದರಲ್ಲಿ; ಅವನು ಅಷ್ಟನ್ನೇ ಸುಟ್ಟ. ಕಾರ್ಡಿನ ಚಿನ್ನದ ಹಲ್ಲುಗಳಲ್ಲೂ ಅದಕ್ಕೆ ಜೋಡಿಯಾದವನ್ನೇ ಕಪ್ಪಾಗಿಸಿದ. ಕೂದಲೆಳೆಯಷ್ಟು ಓರೆಯಾಗಿ ಮತ್ತೆ ಇಳಿಸಿ, ಕೈ ತೊಳೆದು ಉಂಡ. ರುಚಿ ತಿಳಿಯಲಿಲ್ಲ, ಹಸಿವಂತೂ ಇತ್ತು.

ಉಂಡು ಬಂದ ಕಿರಿಯಳಿಯ ಗುಂಡಿ ಒತ್ತಿದ. ಒತ್ತುತ್ತಲೇ ಇದ್ದ.

“ಅಣ್ಣಾ, ಇದ್ಯಾಕೋ ಉಸಿರೇ ಬಿಡ್ತಿಲ್ಲ. ಸ್ವಲ್ಪ ನೋಡ್ತೀರಾ?”

ದೊಡ್ಡಳಿಯ ಎಲ್ಲರೆದುರು ಪೆಟ್ಟಿಗೆ ಬಿಚ್ಚಿ, ಕರಕಲಿನ ಮೇಲೆ ಟಾರ್ಚು ಹಿಡಿದ.

“ಕರೆಂಟು ಜಾಸ್ತಿ ಬಂದು ಹೀಗಾಯ್ತೇನಪ್ಪಾ?” ಮಾವ ಕೇಳಿದ.

“ಇಲ್ಲ ಮಾವ. ಹಾಗಾಗಿದ್ರೆ ಪವರ್ ಸಪ್ಲೈ ಮೊದಲು ಸಾಯ್ತಿತ್ತು. ಅದು ಗುಂಡುಕಲ್ಲಿನ ಹಾಗಿದೆ.”

“ಅಂಗಡಿಯವರೇ ಕೆಟ್ಟ ಕಾರ್ಡು ಕೊಟ್ಟಿರಬಹುದು,” ಎಂದಳು ಕಿರಿಯಳಿಯನ ಹೆಂಡತಿ.

“ಕೆಟ್ಟ ಕಾರ್ಡು ಇಷ್ಟು ದಿನ ಓಡುತ್ತೇನಮ್ಮಾ?” ಎಂದ ದೊಡ್ಡಳಿಯ.

“ಬೇರೆ ಯಾರಾದ್ರೂ ಕೈಯಾಡಿಸಿ...” ಅವಳು ಬಿಡಲಿಲ್ಲ.

“ಯಾರೂ ಮುಟ್ಟಿಲ್ಲ. ಇದು ನಿಧಾನಕ್ಕೆ ಬೆಂದಿರೋದು. ಮೊದಲ ದಿನದಿಂದ್ಲೇ.” ಅನುಮಾನದ ಒಂದೊಂದೇ ಬಾಗಿಲು ಮುಚ್ಚುವಾಗ ದೊಡ್ಡಳಿಯನ ದನಿಯಲ್ಲಿ ಮೇಷ್ಟರ ಮರುಕವಿತ್ತು. “ಕೂರಿಸಿದೋರ ತಪ್ಪು, ಮಾವ. ಒಂದು ಕಾರ್ಡು ನೆಟ್ಟಗೆ ಕೂರಿಸೋಕೆ ಬರದೋರ ಕೈಗೆ ಸ್ಟುಡಿಯೋ ಕೊಟ್ರೆ ಕತೆ ಮುಗೀತು.”

“ಅದೂ ನಿಜಾನೇ,” ಎಂದ ಮಾವ, ಸ್ಲಾಟಿನತ್ತ ಬಗ್ಗಿ.

ಕಿರಿಯಳಿಯ ತಲೆ ಕೆರೆದುಕೊಂಡ. “ಅಣ್ಣಾ, ನಂಗೆ ಸ್ಕ್ರೂಡ್ರೈವರ್ ಯಾವ ಕಡೆ ಹಿಡೀಬೇಕು ಅಂತ್ಲೂ ಗೊತ್ತಿಲ್ಲ. ಕೂರಿಸಿದ್ದು ನೀವೇ ಅಲ್ವಾ?” ಹೌದು. ಕಾರ್ಡು ಬಂದ ದಿನ ಮಾವ ಎಂದಿನಂತೆ ದೊಡ್ಡಳಿಯನನ್ನೇ ಕೂಗಿದ್ದ. ಅವನು ಎಂದಿನಂತೆ, ಚಪ್ಪಲಿ ಮೆಟ್ಟಿಕೊಂಡಷ್ಟು ಸಲೀಸಾಗಿ, ಮನಸ್ಸನ್ನು ಇನ್ನೆಲ್ಲೋ ಇಟ್ಟು ಕೂರಿಸಿ ಬಂದಿದ್ದ. ಇಂಥ ಕೆಲಸಗಳನ್ನು ಆ ಮನೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ, ಅವನೂ ಎಣಿಸಿರಲಿಲ್ಲ. ತಿಂಗಳ ಕೊನೆಗೆ ಸ್ಟುಡಿಯೋ ಕಿರಿಯಳಿಯನದಾಯಿತು.