ಒಂದೂವರೆ ಗಂಟೆಯ ಕಳ್ಳ

ದಸರಾ ಮುಗಿದ ಬುಧವಾರ ಬೆಳಿಗ್ಗೆ ಮೊಳಕಾಲ್ಮೂರಿನ ನೇಕಾರರ ಸಂಘದಲ್ಲಿ ಕಂಪ್ಯೂಟರ್ ಹಚ್ಚಿದ ಶಿವರಾಮ ಮೂರು ಸಲ ಕಣ್ಣುಜ್ಜಿಕೊಂಡ. ಸೀರೆ ಡಿಸೈನುಗಳ ಫೋಲ್ಡರ್ ಖಾಲಿ. ಗಿಳಿ ಅಂಚಿಲ್ಲ, ನವಿಲಿನ ಸೆರಗಿಲ್ಲ. ಗ್ರಾಫ್ ಹಾಳೆಯಿಂದ ಚುಕ್ಕಿ ಚುಕ್ಕಿಯಾಗಿ ಅವನೇ ಏರಿಸಿದ್ದ ಇನ್ನೂರ ನಲವತ್ತು ಡಿಸೈನುಗಳಲ್ಲಿ ಒಂದೂ ಉಳಿದಿರಲಿಲ್ಲ.

ಸಂಘದ ಅಧ್ಯಕ್ಷ ಸೋಮಶೇಖರಪ್ಪ ಚಳ್ಳಕೆರೆಗೆ ಫೋನ್ ಮಾಡಿದರು. ಹನ್ನೊಂದರ ಬಸ್ಸಿಗೆ ದುರುಗೇಶ್ ಬಂದಿಳಿದ.

ಎರಡು ತಾಲ್ಲೂಕಿನ ಕಂಪ್ಯೂಟರುಗಳಿಗೆ ದುರುಗೇಶನೇ ವೈದ್ಯ, ಅವನೇ ಪೊಲೀಸು. ಯಂತ್ರ ತಾನಾಗಿ ಕೆಲಸ ಮಾಡುವಂತೆ ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಬರೆದಿಡುವುದರಲ್ಲಿ ಪಳಗಿದ ಕೈ. ಆ ಬಗ್ಗೆ ಜಂಬವೂ ಇತ್ತು. ಕೈಯಲ್ಲಿ ಮಾಡುವವನು ಕೂಲಿ, ಬರೆದಿಟ್ಟು ಮಾಡಿಸುವವನು ಯಜಮಾನ ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

"ಪೆಟ್ಟಿಗೆ ತನ್ನಿ" ಎಂದ ಕುಳಿತ ತಕ್ಷಣ.

ಪೆಟ್ಟಿಗೆ ಎಂದರೆ ಡ್ರಾಯರಿನಂತೆ ಹೊರಗೆಳೆಯಬಹುದಾದ ಎರಡನೇ ಹಾರ್ಡ್ ಡಿಸ್ಕ್. ಡಿಸೈನುಗಳ ನಕಲು ಅದರಲ್ಲಿರುತ್ತಿತ್ತು. ಸಂಜೆ ಎಳೆದು ಬೀರುವಿನಲ್ಲಿಡಬೇಕು, ಬೆಳಿಗ್ಗೆ ಮತ್ತೆ ತೂರಿಸಬೇಕು. ಬೆಂಕಿ ಬಿದ್ದರೂ ಕಳ್ಳ ನುಗ್ಗಿದರೂ ನಕಲು ಉಳಿಯಲಿ ಎಂದು ಆ ಪದ್ಧತಿ ಹಾಕಿಕೊಟ್ಟವನು ದುರುಗೇಶನೇ.

ಬೀರು ತೆರೆದರು. ಪೆಟ್ಟಿಗೆ ಇರಲಿಲ್ಲ.

"ಬೀಗದ ಕೈ ಯಾರತ್ರ ಐತೆ?"

"ಒಂದು ನನ್ನತ್ರ, ಒಂದು ತಿಪ್ಪಕ್ಕನತ್ರ" ಎಂದ ಶಿವರಾಮ. ತಿಪ್ಪಕ್ಕ ಸಂಘದ ಹಿರಿಯ ನೇಕಾರ್ತಿ. ಬಾಗಿಲು ತೆಗೆಯುವುದು, ಕಂಪ್ಯೂಟರ್ ಹಚ್ಚುವುದು, ಆರಿಸುವುದು ಅವಳ ಪಾಲಿನ ಕೆಲಸ. ಅದರಾಚೆ ಕಂಪ್ಯೂಟರಿನ ಗಂಧಗಾಳಿ ಗೊತ್ತಿಲ್ಲ. ಮಂಗಳವಾರವೇ ಚಳ್ಳಕೆರೆಯ ಮಗಳ ಮನೆಗೆ ಹೋಗಿದ್ದಳು, ಫೋನ್ ಇಟ್ಟುಕೊಂಡವಳಲ್ಲ.

ದುರುಗೇಶ್ ಯಂತ್ರದ ದಾಖಲೆ ತೆರೆದ. ಯಾರು, ಯಾವಾಗ, ಏನು ಅಳಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿತ್ತು. ಸೋಮವಾರ, ಆಯುಧಪೂಜೆಯ ದಿನ. ಮಧ್ಯಾಹ್ನ ಒಂದೂವರೆ. ಹೆಸರು: ಶಿವರಾಮ.

ಕೋಣೆ ತುಂಬ ನೇಕಾರರು ನಿಂತಿದ್ದರು. ದುರುಗೇಶ್ ಪರದೆಯತ್ತ ಬೆರಳು ತೋರಿಸಿದ. "ಇವರ ಹೆಸರಲ್ಲೇ ಅಳಿಸೈತೆ. ಯಂತ್ರ ಸುಳ್ಳು ಹೇಳಲ್ಲ."

"ಒಂದೂವರೆಗೆ ನಾನು ಹಿಂದಿನ ಕೋಣೇಲಿ ಊಟಕ್ಕೆ ಬಡಿಸ್ತಿದ್ದೆ ಸಾರ್! ಇವರೆಲ್ಲ ಪಂಕ್ತೀಲಿ ಕೂತಿದ್ರು!"

"ಮತ್ತೆ ಧರ್ಮಾವರದ ಸೀರೆ ವ್ಯಾಪಾರಿ ಹೋದ ವಾರ ನಿನ್ನತ್ರ ಏನು ಮಾತಾಡ್ತಿದ್ದ?" ಸೋಮಶೇಖರಪ್ಪನವರ ದನಿ ಗಡುಸಾಯಿತು.

"ಕೆಲ್ಸಕ್ಕೆ ಕರೆದ. ಬರಲ್ಲ ಅಂದೆ."

ಯಾರೂ ನಂಬಲಿಲ್ಲ. ಚೀಲ ಸುರಿ ಎಂದರು. ಶಿವರಾಮ ಮೇಜಿನ ಮೇಲೆ ಚೀಲ ಬೋರಲು ಹಾಕಿದ. ಊಟದ ಡಬ್ಬಿ, ಎರಡು ಪೆನ್ಸಿಲ್, ಮಗಳು ಮೌನಿಕಾಗೆಂದು ಕೊಂಡ ರಿಬ್ಬನ್ನು. ಅಷ್ಟೇ ಇತ್ತು. ಆದರೂ ಅಧ್ಯಕ್ಷರು ಹೇಳಿಯೇಬಿಟ್ಟರು: "ನಾಳೆ ಹತ್ತಕ್ಕೆ ಪೆಟ್ಟಿಗೆ ತಂದುಕೊಡು. ಇಲ್ಲಾಂದ್ರೆ ಪೊಲೀಸ್ ಸ್ಟೇಷನ್ನು."

ಶಿವರಾಮ ರಿಬ್ಬನ್ನು ಸುತ್ತಿ ಜೇಬಿಗಿಟ್ಟುಕೊಂಡು ಹೊರಟ. ದಾರಿ ಬಿಟ್ಟ ನೇಕಾರರಲ್ಲಿ ಒಬ್ಬರೂ ಅವನ ಮುಖ ನೋಡಲಿಲ್ಲ.

* * *

ವಾಪಸ್ ಬಸ್ಸಿನಲ್ಲಿ ದುರುಗೇಶನ ಮನಸ್ಸು ಕೊರೆಯತೊಡಗಿತು.

ಒಂದು, ಕೈಯಿಂದ ಅಳಿಸಿದ ಫೈಲುಗಳು ಕಂಪ್ಯೂಟರಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತವೆ. ಬುಟ್ಟಿಯಲ್ಲಿ ಏನೂ ಇರಲಿಲ್ಲ. ಎರಡು, ಇನ್ನೂರ ನಲವತ್ತೂ ಎರಡೇ ಸೆಕೆಂಡಿನಲ್ಲಿ ಹೋಗಿದ್ದವು. ಮೂರು, ಒಂದೂವರೆ ಎಂದರೆ ಸರಿಯಾಗಿ ಒಂದೂವರೆ, ಸೆಕೆಂಡಿನ ಜಾಗದಲ್ಲಿ ಎರಡು ಸೊನ್ನೆ. ಯಾವ ಕಳ್ಳ ಗಡಿಯಾರಕ್ಕೆ ಇಷ್ಟು ನಿಯತ್ತಾಗಿರುತ್ತಾನೆ?

ದಾರಿಯಲ್ಲಿ ಹಾನಗಲ್ ಊರು ದಾಟುವಾಗ ಅವನಿಗೆ ನೆನಪಾಯಿತು. ದಿನಾ ಒಂದೂವರೆಗೆ, ಎಲ್ಲರೂ ಊಟಕ್ಕೆ ಎದ್ದಾಗ, ಆ ಯಂತ್ರದಲ್ಲಿ ತಾನಾಗಿ ಓಡುವುದು ಒಂದಿತ್ತು. ಅದನ್ನು ಬರೆದವನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ತಿಪ್ಪಕ್ಕನ ಮಗಳ ಮನೆ ವಿಚಾರಿಸಿಕೊಂಡು ಹೋದ.

"ಏಂ ನಾಯನಾ, ಏನಪ್ಪಾ ಇತ್ಲಾಗೆ ಬಂದೆ?" ತಿಪ್ಪಕ್ಕ ಚಾಪೆ ಹಾಸಿದಳು.

"ಅಕ್ಕಾ, ಪೆಟ್ಟಿಗೆ ಎಲ್ಲೈತೆ?"

"ಸಂಘದಲ್ಲೇ ಐತೆ, ಪೂಜೇಲಿ."

"ಪೂಜೇಲಿ?"

"ಆಯುಧಪೂಜೆ ಅಲ್ವಾ? ಲಾಳಿ, ಕತ್ರಿ ಎಲ್ಲ ಇಟ್ಟೆ. ಶಿವರಾಮನ ಆಯುಧ ಯಾವ್ದು? ಅಷ್ಟು ದೊಡ್ಡ ಯಂತ್ರ ಎತ್ತಕ್ಕಾಗುತ್ತಾ? ಕೈಗೆ ಬರೋದು ಪೆಟ್ಟಿಗೆ. ಅದಕ್ಕೇ ಕುಂಕುಮ ಇಟ್ಟು, ರೇಷ್ಮೆ ಬಟ್ಟೆ ಹೊದಿಸಿ ಲಾಳಿ ಪಕ್ಕ ಮಡಗಿದೆ. ಮಂಗ್ಳಾರ ಪೂಜೆ ಕದಲಿಸಬಾರ್ದು. ನಾಳೆ ಬಂದು ಕದಲಿಸ್ತೀನಿ."

"ಕಂಪ್ಯೂಟರು?"

"ಹಚ್ಚಿ ಸಂಜೆವರೆಗೂ ಬಿಟ್ಟಿದ್ದೆ. ಹಬ್ಬದ ದಿನ ದೀಪ ಆರಿಸ್ತಾರಾ?"

ದುರುಗೇಶ್ ಗೋಡೆಗೆ ಒರಗಿ ಕುಳಿತ. ಶಿವರಾಮನ ಡಬ್ಬಿ, ಪೆನ್ಸಿಲ್, ರಿಬ್ಬನ್ನು ಕಣ್ಣ ಮುಂದೆ ಬಂದವು. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ತಿಪ್ಪಕ್ಕ ಕೊಟ್ಟ ಮಜ್ಜಿಗೆ ಮುಟ್ಟದೆ ಎದ್ದ.

* * *

ಮರುದಿನ ಹತ್ತಕ್ಕೆ ಮೊದಲೇ ತಿಪ್ಪಕ್ಕ ಪೂಜೆ ಕದಲಿಸಿದಳು. ಕುಂಕುಮ ಮೆತ್ತಿದ ಪೆಟ್ಟಿಗೆ ಹೊರಬಂತು. ದುರುಗೇಶ್ ಒರೆಸಿ ತೂರಿಸಿದ. ಶನಿವಾರದ ನಕಲು ಇತ್ತು. ಇನ್ನೂರ ನಲವತ್ತೂ ಇದ್ದವು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂಗಾಯ್ತು. ಅದಕ್ಕೆ ನಾನೂ ಅಡ್ಡಬಿದ್ದಿದ್ದೆ!" ಎಂದರು ಸೋಮಶೇಖರಪ್ಪ. ಆಮೇಲೆ ಕೇಳಿದರು: "ಅಳಿಸಿದ್ದು ಯಾರು ಮತ್ತೆ?"

ದುರುಗೇಶ್ ಮೆಲ್ಲಗೆ ಹೇಳಿದ. ಅಧ್ಯಕ್ಷರು ಅವನನ್ನು ಮೂಲೆಗೆಳೆದರು. "ವೈರಸ್ ಅಂದ್ಬಿಡು. ಯಾರಿಗೆ ಗೊತ್ತಾಗುತ್ತೆ? ನಿನ್ನ ಮರ್ಯಾದೆನೂ ಉಳಿಯುತ್ತೆ, ನಂದೂ ಉಳಿಯುತ್ತೆ."

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ ದುರುಗೇಶನಿಗೂ ಆಸೆಯಾಯಿತು. ಆದರೆ ವೈರಸ್ ಅಂದರೆ ಅದನ್ನು ತಂದವರು ಯಾರು ಎಂದು ಊರು ಕೇಳುತ್ತದೆ. ಮತ್ತೆ ಬೆರಳು ಶಿವರಾಮನತ್ತಲೇ ತಿರುಗುತ್ತದೆ.

ಶಿವರಾಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದಿರಲಿಲ್ಲ.

"ಎಲ್ಲರೂ ಬರ್ರಿ" ಎಂದು ದುರುಗೇಶ್ ಕೂಗಿದ. "ಕಳ್ಳ ನಾನೇ."

ನೇಕಾರರು ಮೇಜಿನ ಸುತ್ತ ಬಂದು ನಿಂತರು.

"ಯಂತ್ರಕ್ಕೆ ಮೂರು ಮಾತು ಬರೆದಿದ್ದೆ. ದಿನಾ ಒಂದೂವರೆಗೆ ಪೆಟ್ಟಿಗೆಗೆ ಹೋಗು, ಅಲ್ಲಿರೋ ಹಳೇ ನಕಲು ಗುಡಿಸು, ಹೊಸದು ತುಂಬು. ಸೋಮವಾರ ಪೆಟ್ಟಿಗೆ ಪೂಜೇಲಿತ್ತು. ಯಂತ್ರ ಹೋಗಕ್ಕೆ ನೋಡ್ತು, ಜಾಗಾನೇ ಇರ್ಲಿಲ್ಲ. ಹೋಗಕ್ಕಾಗದಿದ್ರೆ ಸುಮ್ನೆ ನಿಲ್ಲು ಅಂತ ನಾನು ಬರೆದಿರ್ಲಿಲ್ಲ. ಅದು ಹೊರಡೋದೇ ಡಿಸೈನಿನ ಫೋಲ್ಡರಿಂದ, ಅಲ್ಲೇ ನಿಂತಿತ್ತು. ನಿಂತಲ್ಲೇ ಗುಡಿಸ್ತು. ಸ್ಕ್ರಿಪ್ಟ್ ಅಳಿಸಿದ್ದು ಕಸದ ಬುಟ್ಟಿಗೂ ಬೀಳಲ್ಲ."

ಬಾಯಿಮಾತು ಸಾಲದೆಂದು ಮಾಡಿಯೂ ತೋರಿಸಿದ. ಪೆಟ್ಟಿಗೆಯಿಂದ ಒಂದೇ ಒಂದು ಗಿಳಿ ಅಂಚನ್ನು ಫೋಲ್ಡರಿಗೆ ಹಾಕಿ, ಯಂತ್ರ ಆರಿಸಿ, ಪೆಟ್ಟಿಗೆ ಎಳೆದು, ಮತ್ತೆ ಹಚ್ಚಿ ಸ್ಕ್ರಿಪ್ಟ್ ಓಡಿಸಿದ. ಗಿಳಿ ಮಾಯವಾಯಿತು.

"ನನ್ನ ಹೆಸರು ಹೆಂಗೆ ಬಂತು?" ಬಾಗಿಲಿನಿಂದ ಶಿವರಾಮ ಕೇಳಿದ.

ದುರುಗೇಶನ ತಲೆ ತಗ್ಗಿತು. "ಬೇರೆ ಖಾತೆ ತೆರೆಯೋಕೆ ಸೋಮಾರಿತನ ಅಣ್ಣಾ. ನಿಮ್ಮ ಹೆಸರಲ್ಲೇ ಓಡ್ಲಿ ಅಂತ ಬಿಟ್ಟಿದ್ದೆ. ಯಂತ್ರ ಸುಳ್ಳು ಹೇಳ್ಲಿಲ್ಲ. ನಾನು ಹೇಳ್ಕೊಟ್ಟಿದ್ದನ್ನೇ ಹೇಳ್ತು. ತಪ್ಪಾಯ್ತು."

ಸೋಮಶೇಖರಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ನಿನ್ನೆ ಚೀಲ ಸುರಿ ಎಂದವರೆಲ್ಲ ನೆಲ ನೋಡುತ್ತಿದ್ದರು.

ದುರುಗೇಶ್ ಸ್ಕ್ರಿಪ್ಟಿಗೆ ಬಿಟ್ಟುಹೋಗಿದ್ದ ಒಂದು ಸಾಲು ಸೇರಿಸಿದ: ಪೆಟ್ಟಿಗೆ ಇಲ್ಲದಿದ್ದರೆ ಏನೂ ಮಾಡದೆ ನಿಲ್ಲು. ಪೆಟ್ಟಿಗೆ ತೂರಿಸಿ, ಡಿಸೈನುಗಳನ್ನೆಲ್ಲ ಮರಳಿ ತುಂಬಿದ. ಶಿವರಾಮ ಒಳಗೆ ಬಂದ. ಕುರ್ಚಿಯ ಹಿಂದೆ ನಿಂತು ಗಿಳಿ, ನವಿಲು ಒಂದೊಂದಾಗಿ ನೋಡಿದ. ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ.

"ಇನ್ಮೇಲಾದ್ರೂ" ಎಂದ, "ಅದನ್ನ ನಿಮ್ಮ ಹೆಸರಲ್ಲಿ ಓಡ್ಸ್ರಿ."

ದುರುಗೇಶ್ ಹೊಸ ಖಾತೆ ತೆರೆದ. ಎಲ್ಲರೂ ನೋಡುತ್ತಿದ್ದಂತೆ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದ.