ಒಂದು ನಿಮಿಷದ ನಾಡಿ

"ಎಪ್ಪತ್ತೆರಡು, ಮೇಡಂ."

ಪರೀಕ್ಷೆಗೆ ನಿಂತ ಹುಡುಗಿಯ ಬಾಯಿಂದ ಆ ಮಾತು ಬಿದ್ದದ್ದೇ ತಡ, ಮಂಚದ ಪಕ್ಕದ ಪರದೆಯ ಹಿಂದಿನಿಂದ ಒಬ್ಬ ಯುವಕ ತಲೆ ಹೊರಗೆ ಹಾಕಿದ. ಕಿವಿಯ ಮೇಲೆ ಪೆನ್ಸಿಲ್, ಕೈಯಲ್ಲಿ ಸ್ಕ್ರೂಡ್ರೈವರ್.

"ಸಾರಿ ಮೇಡಂ, ಇನ್ನೊಂದೇ ನಿಮಿಷ. ಬ್ಯಾಟರಿ ಈಗ ಹಾಕ್ತಾ ಇದ್ದೀನಿ. ಮಾವನ ನಾಡಿ ಇನ್ನೂ ಶುರುವಾಗಿಲ್ಲ..."

ಮೇಡಂ ಪರದೆಯನ್ನು ಪೂರ್ತಿ ಸರಿಸಿದರು.

ಮಾವ ಎಂದರೆ ನರ್ಸಿಂಗ್ ಶಾಲೆಯ ರಬ್ಬರ್ ಬೊಂಬೆ. ದಿನವಿಡೀ ಮಂಚದ ಮೇಲೆ ಬಿದ್ದಿರುತ್ತಾನೆ, ಕಡ್ಡಿ ಎತ್ತಿ ಆಕಡೆ ಇಡುವುದಿಲ್ಲ, ಹತ್ತು ಜನ ಸುತ್ತ ನಿಂತು ಉಪಚಾರ ಮಾಡಬೇಕು. ಮಾವ ಅನ್ನದೆ ಇನ್ನೇನು ಅನ್ನುವುದು ಎಂದು ಯಾವುದೋ ಹಳೆಯ ಬ್ಯಾಚಿನ ಹುಡುಗಿಯರು ಇಟ್ಟ ಹೆಸರು ಹಾಗೇ ಉಳಿದಿತ್ತು. ಅವನ ಮಣಿಕಟ್ಟಿನೊಳಗೆ ಒಂದು ಪುಟ್ಟ ಮೋಟಾರಿದೆ. ಬ್ಯಾಟರಿ ಹಾಕಿದರೆ ನಾಡಿ ಮಿಡಿಯುತ್ತದೆ.

ಹಾಕದಿದ್ದರೆ ಇಲ್ಲ.

"ಸತ್ತು ಮಲಗಿರೋ ಮಾವನ ಕೈಯಲ್ಲಿ ಎಪ್ಪತ್ತೆರಡು ಎಲ್ಲಿಂದ ಬಂತು?" ಟ್ಯೂಟರ್ ಮೇಡಂ ಕೇಳಿದರು. ಅವರ ಎದೆಯ ಮೇಲೆ ತಲೆಕೆಳಗಾಗಿ ನೇತಾಡುವ ಗಡಿಯಾರದಿಂದಾಗಿ ಹುಡುಗಿಯರು ಅವರನ್ನು ಗಡಿಯಾರ ಮೇಡಂ ಎನ್ನುತ್ತಿದ್ದರು. ಅವರೆದುರಿಗಲ್ಲ, ಅಷ್ಟೆ.

ಅವಳು ಬೊಂಬೆಯ ಮಣಿಕಟ್ಟಿನಿಂದ ಬೆರಳು ತೆಗೆದಳು.

ನಿಜ ಹೇಳಬೇಕೆಂದರೆ ಅವಳಿಗೆ ನಾಡಿ ಹಿಡಿಯುವುದು ನೀರು ಕುಡಿದಷ್ಟು ಸುಲಭ. ವಾರ್ಡಿನಲ್ಲಿ ಅಳುವ ಮಗುವಿನದನ್ನೂ ಹಿಡಿದಿದ್ದಳು, ಕೈ ಕೊಡವುವ ಮುದುಕರದನ್ನೂ ಹಿಡಿದಿದ್ದಳು. ಆದರೆ ಪರೀಕ್ಷೆ ಅಂದರೆ ಸಾಕು, ಎಲ್ಲ ತಲೆಕೆಳಗು. ಯಾರಾದರೂ ಎದುರಿಗೆ ಹಾಳೆ ಹಿಡಿದು, ಪೆನ್ನಿನ ಗುಂಡಿ ಟಕ್ ಅನ್ನಿಸಿದರೆ ಬೆರಳು ತಣ್ಣಗಾಗುತ್ತವೆ, ಕಿವಿ ಮುಚ್ಚಿಕೊಳ್ಳುತ್ತದೆ, ಓದಿದ್ದೆಲ್ಲ ಮಂಗಮಾಯ. ಇವತ್ತೂ ಅಷ್ಟೇ. ಬೆರಳಿಗೆ ಏನೂ ಸಿಗಲಿಲ್ಲ. ಸಿಗಲಿಲ್ಲ ಎನ್ನಲು ಹೆದರಿ, ಪುಸ್ತಕದಲ್ಲಿದ್ದ ಸಂಖ್ಯೆ ಹೇಳಿಬಿಟ್ಟಳು.

"ಎಣಿಸೋಕೆ ಬರದವಳಿಗೆ ಕಲಿಸಬಹುದು," ಮೇಡಂ ಹಾಳೆಯ ಮೇಲೆ ಅಡ್ಡಗೆರೆ ಎಳೆದರು. "ಎಣಿಸದೇ ಹೇಳೋಳನ್ನ ರೋಗಿ ಹತ್ರ ಹೇಗೆ ಬಿಡಲಿ? ಐದು ವಾರ ಬಿಟ್ಟು ಇನ್ನೊಂದು ಸಲ ಬಾ. ಆಗಲೂ ಹೀಗೇ ಆದ್ರೆ, ಈ ಶಾಲೆಯಲ್ಲಿ ನಿನಗೆ ಜಾಗ ಇಲ್ಲ."

ಹೊರಗೆ ಬರುವಾಗ ಆ ರಿಪೇರಿಯವನ ಕಡೆ ಒಮ್ಮೆ ನೋಡಿದಳು. ನೋಟಕ್ಕೆ ಸುಡುವ ಶಕ್ತಿ ಇದ್ದಿದ್ದರೆ ಆಸ್ಪತ್ರೆಗೆ ಅವತ್ತೇ ಬೇರೆ ರಿಪೇರಿಯವನು ಬೇಕಾಗುತ್ತಿತ್ತು.

*

ಅದೇ ಆಸ್ಪತ್ರೆಯಲ್ಲಿ ಅವಳ ಅಮ್ಮ ಹದಿನೆಂಟು ವರ್ಷದಿಂದ ನೆಲ ಒರೆಸುತ್ತಾಳೆ. ಒಂದೊಂದು ಮಂಚದ ಕೆಳಗೂ ಬಗ್ಗುವಾಗ, ಮೇಲೆ ಮಲಗಿದವರಿಗೆ ಕೇಳದಿದ್ದರೂ ಹೇಳುತ್ತಾಳೆ: "ನನ್ನ ಪುಟ್ಟಿ ನರ್ಸ್ ಆಗ್ತಾಳೆ. ಇನ್ನೊಂದೇ ವರ್ಷ."

ಪುಟ್ಟಿಗೆ ಇಪ್ಪತ್ತೊಂದು ತುಂಬಿತ್ತು. ಅಮ್ಮನಿಗೆ ಅದು ಲೆಕ್ಕಕ್ಕಿಲ್ಲ.

'ಅಮ್ಮನಿಗೆ ಏನಂತ ಹೇಳಲಿ...? ಇಲ್ಲದ ನಾಡಿ ಎಣಿಸಿ ಸಿಕ್ಕಿಬಿದ್ದೆ ಅಂತಲಾ?'

ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು.

"ನಾನು... ನೀವು ಉತ್ತರ ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಪರದೆ ಹಿಂದೆ ಇದ್ದೆ. ನಿಜವಾಗ್ಲೂ."

"ಕೇಳಿಸಿದ್ರೆ ಏನು ಮಾಡ್ತಿದ್ರಿ?"

ರಿಪೇರಿಯವನು ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡ. ಸುಳ್ಳು ಹೇಳಿದ್ದರೆ ಸಲೀಸಾಗುತ್ತಿತ್ತು.

"ಆಗ್ಲೂ ಹೇಳ್ತಿದ್ದೆ. ಆದ್ರೆ ಇನ್ನೂ ಮೆಲ್ಲಗೆ."

ಅವಳಿಗೆ ಮೈಯೆಲ್ಲ ಉರಿಯಿತು. ಹೊರಟವಳು ನಾಲ್ಕು ಹೆಜ್ಜೆ ಇಟ್ಟು ನಿಂತಳು. ಹಿಂದಿನಿಂದ ಅವನು ಹೇಳುತ್ತಿದ್ದ: "ನನ್ನ ಕೈ ಇದೆ. ಊಟದ ಬಿಡುವಲ್ಲಿ ಅರ್ಧ ಗಂಟೆ ಖಾಲಿ ಇರ್ತೀನಿ. ಮಾವನಿಗಿರೋದು ಮೋಟಾರು, ನನ್ನದು ಅಸಲಿ. ಬ್ಯಾಟರಿ ಖರ್ಚೂ ಇಲ್ಲ."

ಅವಳಿಗೆ ನಗು ಬರಲಿಲ್ಲ. ಆದರೆ ಮಾರನೆಯ ದಿನ ಒಂದು ಗಂಟೆಗೆ ರಿಪೇರಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

*

ಕೋಣೆ ತುಂಬ ಕೈಕೊಟ್ಟ ಯಂತ್ರಗಳು. ಗಾಲಿ ಕಳಚಿದ ಕುರ್ಚಿ, ಗಾಳಿ ನಿಲ್ಲದ ಬಿ.ಪಿ. ಪಟ್ಟಿ, ಸುಮ್ಮಸುಮ್ಮನೆ ಕೂಗುವ ಮಾನಿಟರ್. ಎಲ್ಲದರ ಕತ್ತಿಗೂ ದಾರದಲ್ಲಿ ಕಟ್ಟಿದ ಕೆಂಪು ಚೀಟಿ: ಕೆಟ್ಟಿದೆ. ನೋಡುತ್ತಿದ್ದೇನೆ.

ಅವನು ಮೇಜಿನ ಮೇಲೆ ಕೈ ಚಾಚಿದ. ಅವಳು ಮೂರು ಬೆರಳು ಇಟ್ಟು, ಗೋಡೆ ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು.

"ತೊಂಬತ್ತೆಂಟು?" ಅವಳ ಹುಬ್ಬು ಗಂಟಿಕ್ಕಿತು. "ಮೆಟ್ಟಿಲು ಹತ್ತಿ ಬಂದ್ರಾ?"

"ಹೂಂ... ಹತ್ತಿದೆ."

ರಿಪೇರಿ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಹತ್ತಿ ಬರುವ ಮಾತೇ ಇರಲಿಲ್ಲ. ಅವಳಿಗೆ ಹೊಳೆಯಲಿಲ್ಲ.

ಮಾರನೆಯ ದಿನ ನೂರಾ ಒಂದು. ಅವನು ಕಾಫಿಯ ಮೇಲೆ ಹಾಕಿದ. ಅದರ ಮಾರನೆಯ ದಿನ ನೂರಾ ನಾಲ್ಕು. ಆಗ ತಾನೇ ಮಂಚ ಎತ್ತಿಟ್ಟೆ ಎಂದ. ಆರೋಗ್ಯವಂತ ಗಂಡಸಿಗೆ ದಿನಕ್ಕೊಂದು ನೆಪ! ಓದುವವರಿಗೆ ಇಷ್ಟು ಹೊತ್ತಿಗೆ ಅರ್ಥವಾಗಿರಬಹುದು. ನರ್ಸಿಂಗ್ ಓದುತ್ತಿದ್ದವಳಿಗೆ ಮಾತ್ರ ಆಗಲಿಲ್ಲ. ತಪ್ಪು ತನ್ನ ಎಣಿಕೆಯದೇ ಇರಬೇಕು ಎಂದುಕೊಂಡಳು. ತನ್ನ ಬೆರಳಿನ ಮಿಡಿತವನ್ನೇ ಎಣಿಸುತ್ತಿದ್ದೇನೇನೋ ಎಂದು ಬೆರಳು ಬದಲಿಸಿ ನೋಡಿದಳು. ಊಹೂಂ, ಅಷ್ಟೇ.

ಎರಡನೇ ವಾರ ಅವನು ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತ. ಟಕ್ ಅನ್ನಿಸಿದ.

ಅವಳ ಬೆರಳು ಅಲ್ಲೇ ತಣ್ಣಗಾಯಿತು. ಎಣಿಕೆ ಹದಿಮೂರಕ್ಕೆ ತಪ್ಪಿತು.

"ನೋಡಿದ್ರಾ? ನನ್ನ ಕೈಲಿ ಆಗಲ್ಲ!" ಕಣ್ಣು ತುಂಬಿ ಬಂತು. "ಬೈದುಬಿಡಿ."

ಅವನು ಬೈಯಲಿಲ್ಲ. ಮಾನಿಟರಿನ ಕತ್ತಿನಿಂದ ಕೆಂಪು ಚೀಟಿ ಬಿಚ್ಚಿ ಅವಳ ಮುಂದಿಟ್ಟ.

"ಇದು ಬೈಗುಳ ಅಂದ್ಕೊಂಡಿದ್ದೀರಾ? ಚೀಟಿ ಕಟ್ಟಿದ ಯಂತ್ರದಿಂದ ಯಾರಿಗೂ ಅಪಾಯ ಇಲ್ಲ. ಕೆಟ್ಟಿದ್ದನ್ನ ಹೇಳೋಕೆ ನಾಚ್ಕೊಂಡು ಹಾಗೇ ಬಿಡ್ತಾರಲ್ಲ, ಅದನ್ನ ರೋಗಿಗೆ ಹಾಕ್ತಾರಲ್ಲ, ಅಪಾಯ ಇರೋದು ಅಲ್ಲಿ."

"ಮನುಷ್ಯರ ಕತ್ತಿಗೆ ಕಟ್ಟೋಕಾಗುತ್ತಾ?"

"ಬಾಯಲ್ಲಿ ಹೇಳಿದ್ರೆ ಸಾಕು. 'ಸಿಕ್ಕಿಲ್ಲ, ಮತ್ತೆ ನೋಡ್ತೀನಿ.' ಅಷ್ಟೇ. ಹೇಳಿ ನೋಡೋಣ."

"ಸಿಕ್ಕಿಲ್ಲ..." ಅವಳು ಮೂಗು ಒರೆಸಿಕೊಂಡಳು. "ಮತ್ತೆ ನೋಡ್ತೀನಿ."

ಅವನು ಪೆನ್ನು ಮತ್ತೆ ಟಕ್ ಅನ್ನಿಸಿದ. ಅವತ್ತು ಅವಳು ಆ ಮಾತನ್ನು ಹನ್ನೊಂದು ಸಲ ಹೇಳಿದಳು. ವಾರ ಕಳೆಯುವಷ್ಟರಲ್ಲಿ ಮೂರು ಸಲಕ್ಕೆ ಇಳಿಯಿತು. ಭಯವೇನೂ ಓಡಿಹೋಗಲಿಲ್ಲ. ಟಕ್ ಅಂದಾಗಲೆಲ್ಲ ಬಂದೇ ಬರುತ್ತಿತ್ತು. ಬಂದ ಮೇಲೆ ಏನು ಮಾಡಬೇಕು ಎನ್ನುವುದು ಈಗ ಅವಳಿಗೆ ಗೊತ್ತಿತ್ತು.

ಆ ಚೀಟಿ ಅವಳ ಸಮವಸ್ತ್ರದ ಜೇಬು ಸೇರಿತು. ಶಾಲೆಯ ಹುಡುಗಿಯರೆಲ್ಲ ಅವನನ್ನು ರಿಪೇರಿ ಅಣ್ಣ ಎಂದು ಕರೆಯುತ್ತಿದ್ದರು. ಅವಳು ಮೊದಲು ಕೋಪಕ್ಕೆ ಅಣ್ಣ ಅನ್ನಲಿಲ್ಲ. ಆಮೇಲೆ ಯಾಕೆ ಅನ್ನಲಿಲ್ಲ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಹೋಗಲಿಲ್ಲ.

*

ಪರೀಕ್ಷೆಗೆ ಎರಡೇ ದಿನ.

ಸಂಜೆ ಅಮ್ಮ ಪೊರಕೆ ಮೂಲೆಗಿಟ್ಟು ಕಾಲು ನೀಡಿ ಕೂತಳು. "ಇವತ್ತು ಕೆಲಸದವರಿಗೆಲ್ಲ ತಪಾಸಣೆ ಮಾಡಿದ್ರು ಕಣೇ. ನಿಮ್ಮ ಗಡಿಯಾರ ಮೇಡಂ ಅವರೇ ನಾಡಿ ನೋಡಿದ್ದು. ನನ್ನದು ಎಂಬತ್ತಂತೆ. ಆ ರಿಪೇರಿ ಹುಡುಗ ಇದ್ದಾನಲ್ಲ, ಅವನದು ಎಪ್ಪತ್ತೇ ಎಪ್ಪತ್ತು. ಗಟ್ಟಿ ಜೀವ!"

ಪುಟ್ಟಿ ಮಡಚುತ್ತಿದ್ದ ಸಮವಸ್ತ್ರ ಕೆಳಗಿಟ್ಟಳು.

'ಎಪ್ಪತ್ತು! ಹಾಗಾದರೆ ಐದು ವಾರ ನಾನು ಎಣಿಸಿದ್ದೆಲ್ಲ...?'

ಮರುದಿನ ಒಂದು ಗಂಟೆಗೆ ಅವಳು ಕೂರಲಿಲ್ಲ.

"ನಿಮ್ಮ ನಾಡಿ ಎಪ್ಪತ್ತು ಅಂತ ನಿಮಗೆ ಗೊತ್ತಿತ್ತು. ನಾನು ನೂರು ಅಂದಾಗೆಲ್ಲ ನೆಪ ಹೇಳ್ತಾ ಇದ್ರಿ. ಪಾಪ ಹುಡುಗಿ, ಎಣಿಸೋಕೆ ಬರಲ್ಲ ಅಂತ ಕನಿಕರ, ಅಲ್ವಾ?"

"ನಿಮ್ಮ ಎಣಿಕೆ ಸರಿಯಾಗಿದೆ."

"ಹಾಗಾದ್ರೆ ಮೇಡಂ ಎಣಿಸಿದ್ದು ತಪ್ಪಾ?"

"ಅದೂ ಸರಿ."

"ಎರಡೂ ಹೇಗ್ರೀ ಸರಿಯಾಗುತ್ತೆ?"

ಅವನು ಮೇಜಿನ ಮೇಲಿದ್ದ ಪೆನ್ನು ಎತ್ತಿ ಬದಿಗಿಟ್ಟ. 'ಈಗ ಹೇಳಿದರೆ... ಪರೀಕ್ಷೆಯ ಭಯ ಸಾಲದು ಅಂತ ಅವಳ ತಲೆ ಮೇಲೆ ಇದನ್ನೂ ಹೊರಿಸಿದ ಹಾಗಾಗುತ್ತೆ.'

"ನಾಳೆ ಪರೀಕ್ಷೆ ಮುಗೀಲಿ. ಹೇಳ್ತೀನಿ."

"ಬೇಡ! ಇಲ್ಲದ ನಾಡಿ ಹೇಳಿದ್ದಕ್ಕೆ ನಾನು ಫೇಲಾದೆ. ಇರೋ ನಾಡಿ ಮುಚ್ಚಿಟ್ಟ ನಿಮಗೆ ಏನು ಶಿಕ್ಷೆ?"

ಬಾಗಿಲು ದಢಾರನೆ ಹಾಕಿಕೊಂಡಿತು. ಮೊದಲೇ ಸಡಿಲವಾಗಿದ್ದ ಅದರ ಹಿಡಿ ಕಳಚಿ ಬಿತ್ತು. ರಿಪೇರಿಯವನು ತುಂಬ ಹೊತ್ತು ಅದನ್ನು ಎತ್ತಲಿಲ್ಲ.

*

ಪರೀಕ್ಷೆಯ ಬೆಳಿಗ್ಗೆ ಮಾವ ಕೈಕೊಟ್ಟಿದ್ದ. ಮೋಟಾರು ಸುಟ್ಟಿತ್ತು. ರಿಪೇರಿಯವನು ಬಂದು ಅವನ ಹೆಬ್ಬೆರಳಿಗೆ ಕೆಂಪು ಚೀಟಿ ಕಟ್ಟುತ್ತಿದ್ದಾಗ ಗಡಿಯಾರ ಮೇಡಂ ಒಳಗೆ ಬಂದರು. ಹಿಂದೆಯೇ ಅವಳು.

"ಪರೀಕ್ಷೆ ಮುಂದೂಡಲ್ಲ," ಎಂದರು ಮೇಡಂ. "ಏಯ್, ನೀನೇ ಕೂತ್ಕೋಪ್ಪ. ಬಲಗೈ ಅವಳಿಗೆ, ಎಡಗೈ ನನಗೆ. ಇಬ್ಬರೂ ಒಟ್ಟಿಗೇ ಎಣಿಸ್ತೀವಿ."

ಅವನ ಮುಖ ಬಿಳುಚಿತು. "ಮೇಡಂ, ನಾನು ಬೇಡ... ಬೇರೆ ಯಾರನ್ನಾದ್ರೂ..."

"ಕೂತ್ಕೋ."

ಕೂತ. ಪೆನ್ನು ಟಕ್ ಅಂದಿತು.

ಅವಳು ಅವನ ಮುಖ ನೋಡಲಿಲ್ಲ. ಬೆರಳಿಟ್ಟಳು. ಏನೂ ಇಲ್ಲ! ಬೆರಳು ಮರಗಟ್ಟಿದ್ದವು. ಕಿವಿ ಮುಚ್ಚಿಕೊಂಡಿತು. ಮಂಚದ ಕೆಳಗೆ ಬಗ್ಗಿದ ಅಮ್ಮನ ಬೆನ್ನು ಕಣ್ಣ ಮುಂದೆ ಬಂತು. ಎಪ್ಪತ್ತು ಅನ್ನುವ ಸಂಖ್ಯೆ ಆಗಲೇ ನಾಲಿಗೆಯ ತುದಿಗೆ ಬಂದು ಕೂತಿತ್ತು. ಈ ಸಲ ಅದು ಪುಸ್ತಕದ್ದೂ ಅಲ್ಲ, ಮೇಡಂ ತಾವೇ ಎಣಿಸಿ ಬರೆದದ್ದು! ಹೇಳಿಬಿಟ್ಟರೆ ಮುಗಿಯಿತು.

ಇನ್ನೊಂದು ಕೈ ಜೇಬಿಗೆ ಹೋಯಿತು. ಚೀಟಿಯ ದಾರ ಬೆರಳಿಗೆ ತಾಗಿತು.

"ಸಿಕ್ಕಿಲ್ಲ ಮೇಡಂ. ಮತ್ತೆ ನೋಡ್ತೀನಿ."

ಮೇಡಂ ತಲೆಯೆತ್ತಿ ಅವಳನ್ನು ಒಂದು ಕ್ಷಣ ನೋಡಿದರು. "ನೋಡು. ಸಿಕ್ಕಾಗ ಹೇಳು, ಶುರು ಮಾಡೋಣ."

ಅವಳು ಅಂಗೈ ಉಜ್ಜಿಕೊಂಡಳು. ಉಸಿರು ಬಿಟ್ಟಳು. ಮತ್ತೆ ಇಟ್ಟಳು.

ಸಿಕ್ಕಿತು.

"ಶುರು ಮೇಡಂ."

ಒಂದು ನಿಮಿಷ. ಬೆರಳ ಕೆಳಗೆ ಅದು ಓಡುತ್ತಲೇ ಇತ್ತು... ನೂರು ದಾಟಿತು... ನಿಮಿಷ ಮುಗಿಯಿತು.

"ಹೇಳು."

'ಎಪ್ಪತ್ತು ಅನ್ನಲಾ...? ನನ್ನ ಬೆರಳಿಗೆ ಸಿಕ್ಕಿದ್ದು ಅದಲ್ಲವಲ್ಲ.'

"ನೂರಾ ಹನ್ನೆರಡು, ಮೇಡಂ."

ಮೇಡಂ ತಮ್ಮ ಹಾಳೆಯನ್ನು ಅವಳ ಕಡೆ ತಿರುಗಿಸಿದರು. ಅಲ್ಲಿ ದುಂಡಗಿನ ಅಂಕಿಗಳಲ್ಲಿ ಬರೆದಿತ್ತು: ೧೧೨.

ಆಮೇಲೆ ಮೇಡಂ ರಿಪೇರಿಯವನ ಕಡೆ ತಿರುಗಿದರು. "ಮೊನ್ನೆ ತಪಾಸಣೆಯಲ್ಲಿ ನಿನ್ನದು ಎಪ್ಪತ್ತಿತ್ತಲ್ಲ? ಎರಡು ದಿನಕ್ಕೆ ಏನಾಯ್ತಪ್ಪ ನಿನಗೆ?"

ಅವನ ಕಿವಿ ಕೆಂಪಾದವು. ಅವನು ಮಾವನನ್ನು ನೋಡಿದ, ಸೂರು ನೋಡಿದ, ನೆಲ ನೋಡಿದ. ಅವಳೊಬ್ಬಳನ್ನು ಬಿಟ್ಟು ಕೋಣೆಯಲ್ಲಿದ್ದದ್ದನ್ನೆಲ್ಲ ನೋಡಿದ.

ಅವಳಿಗೆ ಆಗ ಅರ್ಥವಾಯಿತು. ಐದು ವಾರದ ಮೆಟ್ಟಿಲು, ಕಾಫಿ, ಮಂಚ... ಎಲ್ಲ ಒಟ್ಟಿಗೆ!

"ಹೂಂ," ಎಂದರು ಗಡಿಯಾರ ಮೇಡಂ. ಮೂವತ್ತು ವರ್ಷ ಊರವರ ನಾಡಿ ಹಿಡಿದವರು, ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಪಾಸು. ಹೋಗು, ಮೊದಲು ನಿಮ್ಮಮ್ಮನಿಗೆ ಹೇಳು. ಬೆಳಿಗ್ಗೆಯಿಂದ ನನ್ನ ಬಾಗಿಲ ಮುಂದಿನ ನೆಲಾನೇ ಒರೆಸ್ತಾ ಇದ್ದಾಳೆ."

*

ಅಮ್ಮ ಅತ್ತಳು, ನಕ್ಕಳು, ಒದ್ದೆ ಕೈಯಲ್ಲೇ ಮಗಳ ಕೆನ್ನೆ ಹಿಡಿದಳು. ಆಮೇಲೆ ಒಂದೊಂದೇ ಮಂಚಕ್ಕೆ ಸುದ್ದಿ ಮುಟ್ಟಿಸಲು ಹೊರಟಳು.

ಒಂದು ಗಂಟೆಗೆ ರಿಪೇರಿ ಕೋಣೆಯ ಬಾಗಿಲಿಗೆ ಹೊಸ ಹಿಡಿ ಬಂದಿತ್ತು. ಅವನು ಕೈಕಟ್ಟಿಕೊಂಡು ನಿಂತಿದ್ದ.

"ಎಲ್ಲಾ ಯಂತ್ರಕ್ಕೂ ಚೀಟಿ ಕಟ್ತೀರಿ," ಎಂದಳು ಅವಳು. "ನಿಮಗೆ ಮಾತ್ರ ಕಟ್ಕೊಳ್ಳಲಿಲ್ಲ."

"ಹೆದರಿಕೆ ಆಯ್ತು."

"ನಿಮಗಾ?"

"ನೀವು ಮೊದಲನೇ ದಿನ ಕೈ ಹಿಡಿದಾಗ್ಲೇ ಕೆಟ್ಟಿತ್ತು. ಹೇಳಿದ್ರೆ ನಾಳೆಯಿಂದ ನೀವು ಬರೋದೇ ಇಲ್ವೇನೋ ಅಂತ... ಬಾಯಿಗೆ ಬಂದ ನೆಪ ಹೇಳ್ದೆ. ನಿಮ್ಮ ಎಣಿಕೆ ಮೇಲೆ ನಿಮಗೇ ಅನುಮಾನ ಬರೋ ಹಾಗೆ ಮಾಡ್ದೆ. ಅದು ತಪ್ಪು. ನಿಮ್ಮ ಎಪ್ಪತ್ತೆರಡಕ್ಕಿಂತ ದೊಡ್ಡ ತಪ್ಪು." ಕಟ್ಟಿದ ಕೈ ಬಿಚ್ಚಿದ. "ನೀವಂದ್ರೆ ನನಗೆ ಇಷ್ಟ. ತುಂಬಾ."

ಅವಳು ಜೇಬಿನಿಂದ ಕೆಂಪು ಚೀಟಿ ತೆಗೆದು ಅವನ ಅಂಗಿಯ ಗುಂಡಿಗೆ ಕಟ್ಟಿದಳು. ಗಂಟು ಎರಡು ಸಲ ತಪ್ಪಿತು. ಇವತ್ತು ಅವಳಿಗೆ ಅದರ ಬಗ್ಗೆ ನಾಚಿಕೆಯಾಗಲಿಲ್ಲ.

"ರಿಪೇರಿ ಆಗುತ್ತಾ?" ಅವನು ಮೆಲ್ಲಗೆ ಕೇಳಿದ.

"ಆಗೋದು ಬೇಡ," ಎಂದು ಅವಳು ತನ್ನ ಕೈ ಚಾಚಿದಳು. "ಈಗ ನಿಮ್ಮ ಪರೀಕ್ಷೆ. ಎಣಿಸಿ."

ಅವನು ಮೂರು ಬೆರಳು ಇಟ್ಟ. ಗೋಡೆ ಗಡಿಯಾರ ನೋಡಬೇಕಾದವನು ಅವಳನ್ನೇ ನೋಡುತ್ತ ನಿಂತ. ನಿಮಿಷ ಮುಗಿಯಿತು. ಎರಡನೆಯದೂ ಮುಗಿಯಿತು.

"ಎಷ್ಟು?"

"ಸಿಕ್ಕಿಲ್ಲ," ಎಂದ ಅವನು, ಕೈ ಬಿಡದೆ. "ಮತ್ತೆ ನೋಡ್ತೀನಿ."