ಕೆಂಪು ಕಾರ್ಡಿಗೆ ಕಾರಣ

ಸ್ಟೋರ್ ರೂಮಿನ ಬಾಗಿಲು ತೆರೆದವನು ಅಲ್ಲೇ ನಿಂತುಬಿಟ್ಟ.

ಒಳಗೆ ದೀಪವಿಲ್ಲ. ಆಟಿಕೆಗಳ ಬುಟ್ಟಿಗಳ ನಡುವೆ, ಸದ್ದು ತಡೆಯಲೆಂದು ಮಕ್ಕಳಿಗೆ ಕೊಡುವ ಹೆಡ್‌ಫೋನ್ ಕಿವಿಗೇರಿಸಿಕೊಂಡು ಅವಳು ಕೂತಿದ್ದಳು... ಇಡೀ ಕೇಂದ್ರ 'ಟೀಚರ್' ಎಂದು ಕರೆಯುವವಳು!

"ಸಾರಿ... ನನ್ನ ಪುಸ್ತಕದ ಡಬ್ಬ ಇಲ್ಲಿದೆ. ತಗೊಂಡು ಹೋಗ್ತೀನಿ."

ಆಟಿಸಂ ಇರುವ ಮಕ್ಕಳ ಆ ಕೇಂದ್ರದಲ್ಲಿ ಅವನು ಮಾತು ಕಲಿಸುವ ಮೇಷ್ಟ್ರು. ಇವತ್ತೇ ಕೊನೆಯ ದಿನ. ನಾಳೆಯಿಂದ ಬೇರೆ ಊರಿನ ಶಾಖೆ.

ಅವಳು ಬುಟ್ಟಿಗಳ ಹಿಂದಕ್ಕೆ ಇನ್ನಷ್ಟು ಸರಿದಳು. ಹೀಗೆ ಸಿಕ್ಕಿಬೀಳಬೇಕೇ...

ಮಕ್ಕಳ ವಿಷಯಕ್ಕೆ ಬಂದರೆ ಅವಳು ಯಾರಿಗೂ ಸೊಪ್ಪು ಹಾಕುವವಳಲ್ಲ. "ಕೈ ಆಡಿಸಿದ್ರೆ ಆಡಿಸ್ಲಿ, ಹಿಡೀಬೇಡಿ" ಎಂದು ಹೆತ್ತವರನ್ನೇ ತಿದ್ದುತ್ತಿದ್ದಳು. ತನಗೂ ಟ್ಯೂಬ್‌ಲೈಟಿನ ಗುಂಯ್ ಸದ್ದು ತಲೆ ಕೊರೆಯುತ್ತದೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. 'ಇವಳೇ ಹೀಗೆ, ಇನ್ನು ಮಕ್ಕಳನ್ನೇನು ನೋಡ್ಕೋತಾಳೆ ಅಂದುಬಿಟ್ಟರೆ?'

ಹದಿನೈದು ದಿನದ ಹಿಂದೆ ಕಾರಿಡಾರಿನಲ್ಲಿ ಅವನು ತಡವರಿಸುತ್ತಾ, "ನೀವಂದ್ರೆ ನನಗೆ..." ಎಂದಿದ್ದನಷ್ಟೆ. ಪಕ್ಕದ ಗೋಡೆಗೆ ಡ್ರಿಲ್ಲಿಂಗ್ ಶುರುವಾಯಿತು. ಅವಳಿಗೆ ಮಾತೇ ಹೊರಡಲಿಲ್ಲ. ಮಕ್ಕಳು 'ಸಾಕು' ಎನ್ನಲು ತೋರಿಸುವ ಕೆಂಪು ಕಾರ್ಡ್ ಎತ್ತಿ ಹಿಡಿದು ಓಡಿಬಿಟ್ಟಿದ್ದಳು.

ಕೆಂಪು ಕಾರ್ಡ್ ತೋರಿಸಿದವರನ್ನು ಯಾಕೆಂದು ಕೇಳಬಾರದು. ಆ ನಿಯಮ ಮಾಡಿದವಳೂ ಅವಳೇ. ಈ ಪುಣ್ಯಾತ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಒಂದು ಮಾತೂ ಕೇಳಲಿಲ್ಲ, ವರ್ಗಾವಣೆಗೆ ಬರೆದುಕೊಟ್ಟ. ಅವಳೂ ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲವನ್ನೂ ಹೇಳಬೇಕಲ್ಲ...

ಅವನು ಡಬ್ಬ ಎತ್ತಿಕೊಂಡು ಬಾಗಿಲಿನತ್ತ ತಿರುಗಿದ. ಅವಳ ಬೆರಳುಗಳು ಸೆರಗಿನ ಅಂಚನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

'ಹೇಳು... ಈಗಲಾದರೂ ಹೇಳು.'

ಅವಳು ಹೆಡ್‌ಫೋನ್ ತೆಗೆದಳು. "ಅವತ್ತು ಸಾಕು ಅಂದಿದ್ದು ಡ್ರಿಲ್ಲಿಗೆ. ನಿಮಗಲ್ಲ."

ಅವನು ಅವಳತ್ತ ತಿರುಗಿದ.

"ಚಿಕ್ಕವಳಿದ್ದಾಗಿಂದ ನನಗೆ ಸದ್ದು ತಡೆಯೋಕಾಗಲ್ಲ. ದಿನಾ ಇಲ್ಲಿ ಬಂದು ಕೂರ್ತೀನಿ, ಕಳ್ಳಿ ಥರ. ಮಕ್ಕಳಿಗೆ ನಾಚ್ಕೋಬೇಡಿ ಅಂತೀನಿ... ನಾನೇ ನಾಚ್ಕೊಂಡು ನಿಮ್ಮನ್ನ ಕಳ್ಕೋತಿದ್ದೆ." ಅವಳ ಕಣ್ಣು ತುಂಬಿತು. "ನಾಳೆ ಎಲ್ಲರಿಗೂ ಹೇಳ್ತೀನಿ. ಇವತ್ತು ನಿಮಗೆ."

ಅವನು ಡಬ್ಬ ಕೆಳಗಿಟ್ಟು, ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತ.

"ಇಷ್ಟು ದೂರ ಸಾಕಾ?"

"ಜಾಸ್ತಿ ಆಯ್ತು. ಹತ್ತಿರ ಬನ್ನಿ."

"ನಾಳೆ ನಾನು ಹೋಗ್ಲೇಬೇಕಲ್ಲ..."

"ಹೋಗಿ. ಭಾನುವಾರ ಮನೆಗೆ ಬಂದು ಅಮ್ಮನ ಹತ್ರ ಮಾತಾಡಿ."

"ಅಮ್ಮಂಗೆ ಏನಂತ ಹೇಳ್ಲಿ?"

"ಅವತ್ತು ಅರ್ಧಕ್ಕೆ ನಿಂತಿತ್ತಲ್ಲ, ಅದನ್ನ. ಮೊದಲು ನನಗೆ ಹೇಳಿ."

"ಇಲ್ಲೇನಾ? ಈಗ್ಲೇನಾ?"

"ಹೂಂ. ಮೆಲ್ಲಗೆ ಹೇಳಿ... ನನಗೆ ಕೇಳಿಸುತ್ತೆ."